ಸವಾರನ ಕಿರುಬೆರಳು

ಬೈಸಿಕಲ್ಲಿನ ಮೇಲೆ ದೂರ ಪ್ರಯಾಣ ಮಾಡಿದವನಿಗೆ ಮೊದಲು ಸೋಲುವ ಅವಯವ ಯಾವುದೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಕಾಲು ಎಂದಾರು. ಅದು ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ತುಳಿಯುವವರ ಉತ್ತರ. ಬೆಳಗಿನ ಜಾವ ಹೊರಟು ನೂರೋ ಇನ್ನೂರೋ ಕಿಲೋಮೀಟರು ಸುತ್ತಿ ಬಂದವರನ್ನು ಕೇಳಿದರೆ ಬೇರೆಯ ಕಥೆ ಹೊರಡುತ್ತದೆ. ಕಾಲಿನ ನೋವು ಅವರಿಗೆ ಮೊದಲೇ ಗೊತ್ತಿದ್ದುದು. ಒಂದೆರಡು ರಾತ್ರಿಯ ನಿದ್ದೆಗೆ ಅದು ಇಳಿದುಹೋಗುತ್ತದೆ. ಅವರನ್ನು ಕಂಗೆಡಿಸುವುದು ಕೈ.

ಅರುವತ್ತು ಎಪ್ಪತ್ತು ಕಿಲೋಮೀಟರು ಕಳೆಯುವ ಹೊತ್ತಿಗೆ ಕಿರುಬೆರಳು ಜುಮ್ಮೆನ್ನತೊಡಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದರ ಪಕ್ಕದ ಉಂಗುರದ ಬೆರಳಿಗೂ ಜೋಮು ಹರಡುತ್ತದೆ. ಅದೂ ವಿಚಿತ್ರವಾಗಿ, ಬೆರಳಿನ ಒಂದು ಮಗ್ಗುಲಿಗೆ ಮಾತ್ರ. ಕೈ ಕೊಡವಿಕೊಂಡರೆ ಹೋಗುತ್ತದೆ, ಎರಡು ಮೈಲಿ ಹೋಗುವಷ್ಟರಲ್ಲಿ ಮರಳಿ ಬರುತ್ತದೆ. ಸಂಜೆ ಮನೆಗೆ ಬಂದು ಬೀಗಕ್ಕೆ ಕೀಲಿ ಹಾಕಿ ತಿರುವಲು ಹೋದರೆ ಹೆಬ್ಬೆರಳಿಗೆ ಹಿಡಿತ ಸಾಲದು. ಅಂಗಿಯ ಗುಂಡಿ ಬಿಚ್ಚುವುದು ಒಂದು ಸಾಹಸವಾಗುತ್ತದೆ. ಊಟಕ್ಕೆ ಕುಳಿತರೆ ಬೆರಳುಗಳು ಒಂದಕ್ಕೊಂದು ಸೇರುವುದಿಲ್ಲ. ಕಲಸಿದ ಅನ್ನ ಸಂದಿನಿಂದ ಎಲೆಗೇ ಜಾರುತ್ತದೆ. ಮನೆಯವರು ನಗುತ್ತಾರೆ, ಸವಾರನೂ ನಗುತ್ತಾನೆ, ಆಯಾಸವೆಂದು ಹೇಳಿ ಮಲಗುತ್ತಾನೆ. ಆದರೆ ಅಲ್ಲಿ ದಣಿದಿರುವುದು ಸ್ನಾಯುವಲ್ಲ. ನರವೊಂದು ಗಂಟೆಗಟ್ಟಲೆ ಅದುಮಿಸಿಕೊಂಡು ಕುಳಿತಿದೆ.

ಆ ನರದ ಪರಿಚಯ ಎಲ್ಲರಿಗೂ ಉಂಟು, ಹೆಸರು ಮಾತ್ರ ತಿಳಿದಿರಲಾರದು. ಮೊಣಕೈ ಬಾಗಿಲಿನ ಚೌಕಟ್ಟಿಗೆ ತಾಗಿದಾಗ ಕರೆಂಟು ಹೊಡೆದಂತೆ ಕಿರುಬೆರಳಿನವರೆಗೂ ಝಲ್ಲೆನ್ನುತ್ತದಲ್ಲವೆ? ಆಗ ಪೆಟ್ಟು ತಿಂದದ್ದು ಇದೇ ಅಲ್ನಾರ್ ನರ. ಕುತ್ತಿಗೆಯಿಂದ ಹೊರಟು, ಮೊಣಕೈಯ ಹಿಂಬದಿಯಲ್ಲಿ ಎಲುಬಿಗೆ ತಾಗಿಕೊಂಡು ಸಾಗಿ, ಅದು ಮಣಿಕಟ್ಟಿನ ಕಿರುಬೆರಳಿನ ಮಗ್ಗುಲಲ್ಲಿ ಅಂಗೈಯನ್ನು ಪ್ರವೇಶಿಸುತ್ತದೆ. ಪ್ರವೇಶದ್ವಾರದಲ್ಲಿ ಎರಡು ಸಣ್ಣ ಎಲುಬುಗಳಿವೆ. ಒಂದು ಬಟಾಣಿ ಕಾಳಿನಂತೆ ಗುಂಡಗಿದೆ. ಓದುಗರು ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಗೆರೆಯ ಬಳಿ ಒತ್ತಿ ನೋಡಿಕೊಂಡರೆ ಅದು ಬೆರಳಿಗೆ ಸಿಕ್ಕುತ್ತದೆ. ಮತ್ತೊಂದಕ್ಕೆ ಕೊಕ್ಕೆಯಂತಹ ಮೂತಿ. ಇವೆರಡರ ನಡುವಣ ಓಣಿಯಲ್ಲಿ ನರ ಹಾದುಹೋಗುತ್ತದೆ. 1861ರಲ್ಲಿ ಇದನ್ನು ಮೊದಲು ವರ್ಣಿಸಿದ ಫೆಲಿಕ್ಸ್ ಗುಯೋಂ ಎಂಬ ಫ್ರೆಂಚ್ ವೈದ್ಯನ ಹೆಸರೇ ಆ ಓಣಿಗೆ ಉಳಿದಿದೆ. ಆತ ಮುಂದೆ ಕೀರ್ತಿ ಗಳಿಸಿದ್ದು ಮೂತ್ರಾಂಗಗಳ ಶಸ್ತ್ರವೈದ್ಯದಲ್ಲಿ. ಸೈಕಲ್ ಸವಾರರು ತನ್ನ ಹೆಸರನ್ನು ಹೀಗೆ ಹೊತ್ತು ತಿರುಗುವರೆಂದು ಆತ ಎಣಿಸಿರಲಾರ.

ಓಣಿಯ ಮೇಲ್ಛಾವಣಿ ಬಲು ತೆಳು. ಅಂಗೈಯ ನಟ್ಟನಡುವೆ ಹೋಗುವ ಮತ್ತೊಂದು ನರಕ್ಕೆ ದಪ್ಪನಾದ ಅಸ್ಥಿಬಂಧದ ರಕ್ಷಣೆ ಇದೆ. ಇದಕ್ಕೆ ಅಂತಹ ಭಾಗ್ಯವಿಲ್ಲ. ಹ್ಯಾಂಡಲಿನ ಮೇಲೆ ಅಂಗೈಯ ಬುಡವನ್ನು ಊರಿದಾಗ ಮೈಯ ಭಾರ ಹೆಚ್ಚುಕಡಮೆ ನೇರವಾಗಿ ನರದ ಮೇಲೆಯೇ ಬೀಳುತ್ತದೆ. ಓಣಿಯೊಳಗೆ ನರ ಎರಡು ಕವಲಾಗುತ್ತದೆ. ಒಂದು ಕವಲು ಕಿರುಬೆರಳಿನಿಂದಲೂ ಉಂಗುರದ ಬೆರಳಿನ ಅರ್ಧದಿಂದಲೂ ಸ್ಪರ್ಶದ ಸುದ್ದಿಯನ್ನು ತರುತ್ತದೆ. ಇನ್ನೊಂದು ಕೊಕ್ಕೆಯನ್ನು ಬಳಸಿಕೊಂಡು ಅಂಗೈಯ ಆಳಕ್ಕೆ ಇಳಿದು, ಬೆರಳುಗಳನ್ನು ಅಗಲಿಸುವ ಮತ್ತು ಕೂಡಿಸುವ ಸಣ್ಣ ಸ್ನಾಯುಗಳಿಗೂ, ಹೆಬ್ಬೆರಳನ್ನು ಅಂಗೈಯ ಕಡೆಗೆ ಸೆಳೆಯುವ ಸ್ನಾಯುವಿಗೂ ಅಪ್ಪಣೆ ಒಯ್ಯುತ್ತದೆ. ಅನ್ನದ ತುತ್ತು ಜಾರಿದ್ದಕ್ಕೆ, ಕೀಲಿ ತಿರುಗದಿದ್ದುದಕ್ಕೆ ಈ ಎರಡನೆಯ ಕವಲೇ ಕಾರಣ.

ಇದು ಹೊಸ ವ್ಯಾಧಿಯೇನಲ್ಲ. ಸ್ಕಾಟ್ಲೆಂಡಿನವನಾದ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಮೇಲೆ ಸೈಕಲ್ಲಿನ ಮೇಲೆ ದೂರ ಹೋಗುವ ಹುಚ್ಚು ಯೂರೋಪಿನಲ್ಲಿ ಹಬ್ಬಿತು. ಅದಕ್ಕೆ ಮುಂಚಿನ ಗಟ್ಟಿ ಗಾಲಿಯ ಸೈಕಲ್ಲಿಗೆ ಇಂಗ್ಲಿಷರು ಬೋನ್‌ಶೇಕರ್, ಅಂದರೆ ಎಲುಬು ಕುಲುಕುವ ಯಂತ್ರ, ಎಂದು ಹೆಸರಿಟ್ಟಿದ್ದರು. ಅದರ ಮೇಲೆ ದೂರ ಹೋಗುವ ಆಸೆ ಹೆಚ್ಚು ಮಂದಿಗೆ ಹುಟ್ಟಿರಲಾರದು. 1891ರಲ್ಲಿ ಪ್ಯಾರಿಸ್ಸಿನಿಂದ ಸಮುದ್ರತೀರದ ಬ್ರೆಸ್ಟ್ ನಗರಕ್ಕೆ ಹೋಗಿ ಹಿಂದಿರುಗುವ ಸುಮಾರು 1200 ಕಿಲೋಮೀಟರಿನ ಪಂದ್ಯವನ್ನು ಅಲ್ಲಿನ ಪತ್ರಿಕೆಯೊಂದು ಏರ್ಪಡಿಸಿತು. ಗೆದ್ದ ಷಾರ್ಲ್ ತೆರೋಂ 71 ಗಂಟೆ 22 ನಿಮಿಷಗಳಲ್ಲಿ ದಾರಿ ಮುಗಿಸಿದ. ಆತನ ಕೈಬೆರಳುಗಳ ಗತಿ ಏನಾಯಿತೆಂಬುದನ್ನು ಯಾರೂ ವಿಚಾರಿಸಿದಂತಿಲ್ಲ. ಆದರೆ ಐದು ವರ್ಷ ಕಳೆಯುವಷ್ಟರಲ್ಲಿ, 1896ರಲ್ಲಿ, ಲಿಯೋನ್ ನಗರದ ದೆಸ್ತೋ ಎಂಬ ವೈದ್ಯ ಬೈಸಿಕಲ್ ಸವಾರಿಯಿಂದ ಉಂಟಾದ ಅಲ್ನಾರ್ ನರದ ದೌರ್ಬಲ್ಯವನ್ನು ಕುರಿತು ವೈದ್ಯಪತ್ರಿಕೆಯಲ್ಲಿ ಬರೆದ. ಇಂಗ್ಲಿಷ್ ವೈದ್ಯಗ್ರಂಥಗಳಲ್ಲಿ ಇದಕ್ಕೆ ‘ಹ್ಯಾಂಡಲ್‌ಬಾರ್ ಪಾಲ್ಸಿ’ ಎಂಬ ಹೆಸರೇ ನಿಂತಿದೆ.

ಪ್ಯಾರಿಸ್–ಬ್ರೆಸ್ಟ್ ಸವಾರಿ ಇಂದಿಗೂ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಈಗ ಅದು ಪಂದ್ಯವಲ್ಲ, 90 ಗಂಟೆಯೊಳಗೆ ಮುಗಿಸಬೇಕಾದ ವ್ರತ. ಅದಕ್ಕೆ ಹೋಗುವವರು ಮೊದಲು ತಮ್ಮ ಸೀಮೆಯಲ್ಲಿ 200, 300, 400, 600 ಕಿಲೋಮೀಟರುಗಳ ‘ಬ್ರವೇ’ ಎಂಬ ಸವಾರಿಗಳನ್ನು ಪೂರೈಸಿರಬೇಕು. ಇನ್ನೂರಕ್ಕೆ ಹದಿಮೂರೂವರೆ ಗಂಟೆ, ಆರುನೂರಕ್ಕೆ ನಲವತ್ತು ಗಂಟೆ ಗಡುವು. ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಇಂತಹ ಸವಾರಿಗಳು ಹೊರಡುತ್ತವೆ; ಕಂಪ್ಯೂಟರಿನ ಮುಂದೆ ವಾರವಿಡೀ ಕುಳಿತ ಕೈಗಳು ಶನಿವಾರ ರಾತ್ರಿ ಹ್ಯಾಂಡಲ್ ಹಿಡಿಯುತ್ತವೆ. ವಿಜಯಪುರ, ಬಾಗಲಕೋಟೆಗಳ ಕಡೆ ಸೈಕಲ್ ಪಂದ್ಯದ ಪರಂಪರೆಯೇ ಇದೆ. ಆದ್ದರಿಂದ ಇದು ದೂರದ ಊರಿನ ಸುದ್ದಿ ಎಂದು ಬಿಡುವ ಹಾಗಿಲ್ಲ.

2003ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ನೆನೆಯತಕ್ಕದ್ದು. 600 ಕಿಲೋಮೀಟರು ಹೊರಟಿದ್ದ 25 ಸವಾರರ ಕೈಗಳನ್ನು ಅವರು ಹೊರಡುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಪರೀಕ್ಷಿಸಿದರು. ಇಪ್ಪತ್ತೈದರಲ್ಲಿ 23 ಮಂದಿಯ ಕೈಯಲ್ಲಿ ಒಂದಲ್ಲ ಒಂದು ದೋಷ ಕಾಣಿಸಿತ್ತು. ಹೊಸಬರು, ಪಳಗಿದವರು ಎಂಬ ಭೇದವೂ ಇರಲಿಲ್ಲ. ಬೆಚ್ಚಿಬೀಳಿಸುವ ಸಂಗತಿ ಇದಕ್ಕಿಂತ ಮುಂದಿನದು. ಜೋಮು ಮಾತ್ರ ಇದ್ದ ಕೈಗಳು ನೂರಕ್ಕೆ 10. ಜೋಮು, ಬಲಹೀನತೆ ಎರಡೂ ಇದ್ದವು ನೂರಕ್ಕೆ 24. ಜೋಮು ಕೊಂಚವೂ ಇಲ್ಲದೆ ಬಲ ಮಾತ್ರ ಕುಂದಿದ ಕೈಗಳು ನೂರಕ್ಕೆ 36! ಆಳಕ್ಕೆ ಇಳಿಯುವ ಕವಲೊಂದೇ ಅದುಮಲ್ಪಟ್ಟರೆ ಸ್ಪರ್ಶದ ಕವಲು ಏನನ್ನೂ ಹೇಳುವುದಿಲ್ಲ. ಎಂದರೆ, ಬೆರಳು ಜುಮ್ಮೆಂದವನಿಗೆ ಎಚ್ಚರಿಕೆಯಾದರೂ ದೊರೆಯಿತು. ಏನೂ ಆಗಲಿಲ್ಲವೆಂದು ಹಿಗ್ಗುತ್ತ ಬಂದವನ ಬೆರಳುಗಳು ಅವನಿಗೆ ತಿಳಿಯದಂತೆ ಸೊರಗಿರಬಹುದು. ವೀಣೆ ನುಡಿಸುವವರು, ಅಕ್ಕಸಾಲಿಗರು, ದರ್ಜಿಗಳು, ಶಸ್ತ್ರವೈದ್ಯರು, ಇವರ ಬದುಕೆಲ್ಲ ನಿಂತಿರುವುದು ಆ ಸಣ್ಣ ಸ್ನಾಯುಗಳ ಮೇಲೆ. ಹವ್ಯಾಸಕ್ಕಾಗಿ ಅವನ್ನು ಒತ್ತೆ ಇಡುವುದು ದುಬಾರಿಯ ವ್ಯಾಪಾರ.

ಹಾಗಾದರೆ ದಿನವೂ ಹತ್ತಾರು ಮೈಲಿ ಸೈಕಲ್ ತುಳಿದ ಹಿಂದಿನ ಕಾಲದ ಅಂಚೆಯವರಿಗೆ, ಹಾಲು ಹಾಕುವವರಿಗೆ ಈ ಕಾಟ ಅಷ್ಟಾಗಿ ಇದ್ದಂತಿಲ್ಲವಲ್ಲ, ಏಕೆ? ಅವರ ಕರಿಯ ಸೈಕಲ್ಲನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಹ್ಯಾಂಡಲ್ ಸೀಟಿಗಿಂತ ಎತ್ತರ, ತುದಿಗಳು ಸವಾರನ ಕಡೆಗೆ ಬಾಗಿ ಬಂದಿರುತ್ತವೆ. ಕುಳಿತವನ ಬೆನ್ನು ನೆಟ್ಟಗೆ, ಮೊಣಕೈ ಸಡಿಲ, ಮಣಿಕಟ್ಟು ನೇರ. ಭಾರವೆಲ್ಲ ಸ್ಪ್ರಿಂಗು ಹಾಕಿದ ಅಗಲ ಸೀಟಿನ ಮೇಲೆ. ಕೈಗೆ ಇದ್ದುದು ದಾರಿ ತೋರಿಸುವ ಕೆಲಸವೊಂದೇ. ಈಗಿನ ಪಂದ್ಯದ ಸೈಕಲ್ಲು ಹುಟ್ಟಿದ್ದು ಗಾಳಿಯನ್ನು ಗೆಲ್ಲಲು. ಸಮತಟ್ಟಾದ ದಾರಿಯಲ್ಲಿ ವೇಗ ಹೆಚ್ಚಿದಂತೆಲ್ಲ ಸವಾರನನ್ನು ತಡೆಯುವುದು ಮುಖ್ಯವಾಗಿ ಗಾಳಿಯೇ; ಆದ್ದರಿಂದ ಹ್ಯಾಂಡಲ್ಲನ್ನು ಕೆಳಕ್ಕೂ ಮುಂದಕ್ಕೂ ಒಯ್ದು ಬೆನ್ನನ್ನು ಬಾಗಿಸಿದರು. ಪಂದ್ಯಗಾರನಿಗೆ ಅದು ಯುಕ್ತವೇ. ಪಂದ್ಯಗಾರನಂತೆ ಕಾಣಿಸಿದರೆ ಸಾಕೆನ್ನುವವನಿಗೆ ಎಷ್ಟು ಯುಕ್ತವೋ ಅವನೇ ಯೋಚಿಸಬೇಕು.

ಬಾಗಿದ ಮೈಯನ್ನು ಹಿಡಿದು ನಿಲ್ಲಿಸಬಲ್ಲವು ಮೂರು: ಸೊಂಟ ಮತ್ತು ಬೆನ್ನಿನ ಸ್ನಾಯುಗಳು, ಪೆಡಲನ್ನು ಒತ್ತುವ ಕಾಲು, ಹ್ಯಾಂಡಲಿನ ಮೇಲಿನ ಕೈ. ಕಾಲು ಪೆಡಲನ್ನು ಕೆಳಕ್ಕೆ ಒತ್ತಿದಾಗ ಪೆಡಲು ಅಷ್ಟೇ ಬಲದಿಂದ ಮೈಯನ್ನು ಮೇಲಕ್ಕೆ ಎತ್ತುತ್ತದೆ. ಬೆಳಗ್ಗೆ ಉತ್ಸಾಹದಿಂದ ತುಳಿಯುವಾಗ ಕೈ ಹಗುರಾಗಿರುವುದರ ಗುಟ್ಟು ಇದು. ಮಧ್ಯಾಹ್ನ ದಾಟಿ ಕಾಲು ಸೋತು, ಬೆನ್ನು ಬಳಲಿದಾಗ, ಅವು ಹೊತ್ತಿದ್ದ ಪಾಲನ್ನೂ ಕೈಯೇ ಹೊರಬೇಕಾಗುತ್ತದೆ. ಸೈಕಲ್ಲು ಅದೇ, ಕುಳಿತ ಭಂಗಿ ಅದೇ. ಆದರೂ ಐವತ್ತನೆಯ ಮೈಲಿಯಲ್ಲಿ ಇಲ್ಲದ ಜೋಮು ನೂರನೆಯ ಮೈಲಿಯಲ್ಲಿ ಬರುತ್ತದೆ. ಆದ್ದರಿಂದ ಕೈಯ ತೊಂದರೆಗೆ ಕೈಯಲ್ಲಿಯೇ ಮದ್ದು ಹುಡುಕುವವರು ಬಹುಮಟ್ಟಿಗೆ ನಿರಾಶರಾಗುತ್ತಾರೆ. ನೋಡಬೇಕಾದುದು ಮೊದಲು ಸೀಟನ್ನು.

ಸೀಟಿನ ಮೂತಿ ಮುಂದಕ್ಕೆ ಇಳಿಜಾರಾಗಿದ್ದರೆ ಸವಾರ ಪ್ರತಿಕ್ಷಣವೂ ಮುಂದಕ್ಕೆ ಜಾರುತ್ತಾನೆ. ಜಾರದಂತೆ ತನ್ನನ್ನು ತಾನೇ ಕೈಯಿಂದ ಹಿಂದಕ್ಕೆ ತಳ್ಳಿಕೊಳ್ಳುತ್ತಿರುತ್ತಾನೆ. ದಿನವಿಡೀ ನಡೆಯುವ ಈ ದಂಡ ಬಸ್ಕಿಯ ಅರಿವೇ ಅವನಿಗೆ ಇರುವುದಿಲ್ಲ. ತೊಡೆಸಂದಿಗೆ ಒತ್ತುತ್ತದೆಂದು ಮೂತಿಯನ್ನು ತಗ್ಗಿಸಿದವರೇ ಹೆಚ್ಚಾಗಿ ಕೈ ನೋವೆನ್ನುವವರು. ಸೈಕಲ್ಲನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸೀಟಿನ ಮೇಲೆ ಉದ್ದನೆಯ ಪುಸ್ತಕವನ್ನಿಟ್ಟು, ಗಾರೆಯವರ ರಸಮಟ್ಟದಿಂದ ಅಳೆದು ನೋಡುವುದು ಎರಡು ನಿಮಿಷದ ಕೆಲಸ. ಮಟ್ಟವಾಗಿಟ್ಟುಕೊಂಡು ಕೆಲವು ದಿನ ಸವಾರಿ ಮಾಡಿ, ಆಮೇಲೆ ಬೇಕೆನಿಸಿದರೆ ಕೂದಲೆಳೆಯಷ್ಟು ಬದಲಾಯಿಸಬಹುದು. ಮಟ್ಟವಾದ ಸೀಟು ತೊಡೆಸಂದಿಗೆ ಒತ್ತುವುದಾದರೆ ಸೀಟೇ ಆ ಮೈಗೆ ಒಗ್ಗದ್ದು. ಅದನ್ನು ಬದಲಾಯಿಸಬೇಕೇ ಹೊರತು ಓರೆ ಮಾಡಿ ಸಮಾಧಾನಪಡಬಾರದು.

ಎತ್ತರದಲ್ಲಿಯೂ ಇಂತಹುದೇ ತಪ್ಪು ನಡೆಯುತ್ತದೆ. ಪೆಡಲು ತೀರ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಮೊಣಕಾಲು ನೆಟ್ಟಗಾಗಬೇಕು. ಸೊಂಟ ಒಂದು ಕಡೆಗೆ ವಾಲಬಾರದು. ಸೀಟು ಇದಕ್ಕಿಂತ ಎತ್ತರವಾದರೆ ಕೂತವನು ಅತ್ತಿಂದಿತ್ತ ತೂಗಾಡುತ್ತಾನೆ, ಸ್ಥಿರತೆಗಾಗಿ ಹ್ಯಾಂಡಲ್ಲನ್ನು ಅದುಮಿ ಹಿಡಿಯುತ್ತಾನೆ.

ಇನ್ನು ಸೀಟು ಮುಂದೆ ಇರಬೇಕೋ ಹಿಂದೆ ಇರಬೇಕೋ ಎಂಬ ಪ್ರಶ್ನೆ. ಕೈಗೆ ಭಾರವಾದಾಗ ಹ್ಯಾಂಡಲ್ ದೂರವಾಯಿತೆಂದು ಭಾವಿಸಿ ಸೀಟನ್ನು ಮುಂದಕ್ಕೆ ಎಳೆದುಕೊಳ್ಳುವುದು ಸಾಮಾನ್ಯ. ಪರಿಣಾಮ ಅನೇಕ ವೇಳೆ ವಿಪರೀತವಾಗುತ್ತದೆ. ಕುರ್ಚಿಯಿಂದ ಏಳುವವನು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡಾಗ ಮೈ ಮುಂದಕ್ಕೆ ಬೀಳುವುದನ್ನು ಎಲ್ಲರೂ ಬಲ್ಲರು. ಸೀಟು ಮುಂದಾದಷ್ಟೂ ಪಾದ ಮೈಯ ಕೆಳಗೆ ಹಿಂದಾಗುತ್ತದೆ, ಮೈಭಾರ ಕೈಗೆ ಹೊರಳುತ್ತದೆ. ಸೀಟು ತಕ್ಕಷ್ಟು ಹಿಂದಿದ್ದರೆ ಸೊಂಟ ತಕ್ಕಡಿಯ ಹಿಂದಿನ ತಟ್ಟೆಯಂತೆ ತಲೆ ಭುಜಗಳ ಭಾರವನ್ನು ತೂಗಿ ನಿಲ್ಲಿಸುತ್ತದೆ. ಪರೀಕ್ಷೆ ಸುಲಭ. ವಾಹನಗಳಿಲ್ಲದ ಸಮದಾರಿಯಲ್ಲಿ, ತಕ್ಕಮಟ್ಟಿನ ಬಲ ಹಾಕಿ ತುಳಿಯುತ್ತಿರುವಾಗ, ಬೆರಳುಗಳು ಹ್ಯಾಂಡಲ್ಲನ್ನು ಸವರುತ್ತಿರುವಂತೆಯೇ ಅಂಗೈಯ ಭಾರವನ್ನು ಪೂರ್ತಿ ತೆಗೆದು ನೋಡುವುದು. ಮೈ ಮುಗ್ಗರಿಸಿದರೆ ಸೀಟು ಇನ್ನೂ ಹಿಂದೆ ಹೋಗಬೇಕು. ಒಂದು ಸಲಕ್ಕೆ ಐದು ಮಿಲಿಮೀಟರಿಗಿಂತ ಹೆಚ್ಚು ಬೇಡ, ಮೊಣಕಾಲು ಮುನಿದೀತು. ಇಷ್ಟಾದ ಮೇಲೂ ಹ್ಯಾಂಡಲ್ ಕೈಗೆಟುಕದಷ್ಟು ದೂರವೆನಿಸಿದರೆ ಆಗ ಹ್ಯಾಂಡಲ್ಲನ್ನು ಮೇಲೆತ್ತಬೇಕು, ಅಥವಾ ಅದನ್ನು ಫ್ರೇಮಿಗೆ ಜೋಡಿಸುವ ಸ್ಟೆಮ್ಮನ್ನು ಗಿಡ್ಡದಕ್ಕೆ ಬದಲಾಯಿಸಬೇಕು. ಫ್ರೇಮೇ ದೊಡ್ಡದಾಗಿದ್ದರೆ ಯಾವ ರಿಪೇರಿಯಿಂದಲೂ ಫಲವಿಲ್ಲ. ಕೊಳ್ಳುವಾಗಲೇ ನೋಡಿಕೊಳ್ಳತಕ್ಕದ್ದು ಅದು.

ಇದೆಲ್ಲವೂ ಸರಿಯಾದ ಮೇಲೆ ಕೈಯ ಸರದಿ. ಮೊಣಕೈಯನ್ನು ಸೆಟೆದು ಹಿಡಿದವನ ಮಣಿಕಟ್ಟಿಗೆ ರಸ್ತೆಯ ಪ್ರತಿಯೊಂದು ಹೊಂಡದ ಪೆಟ್ಟೂ ಬೀಳುತ್ತದೆ; ಸ್ವಲ್ಪ ಮಡಿಸಿದರೆ ಮೊಣಕೈಯೇ ಸ್ಪ್ರಿಂಗಾಗುತ್ತದೆ. ಮಣಿಕಟ್ಟು ಹಿಂದಕ್ಕೆ ಮುರಿದಂತೆ ಬಾಗಿರಬಾರದು. ಮುಂಗೈ, ಮಣಿಕಟ್ಟು, ಹಿಂಗೈ ಒಂದೇ ಗೆರೆಯಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು ಹಿಡಿತವನ್ನು ಬದಲಾಯಿಸುತ್ತಿರುವುದು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲಿಗೆ ಮೂರು ಹಿಡಿತಗಳುಂಟು: ಮೇಲಿನ ನೇರ ಕಂಬಿ, ಬ್ರೇಕಿನ ಮೇಲಣ ರಬ್ಬರಿನ ಗುಬುಟು, ಕೆಳಗಿನ ಬಾಗು. ಕೆಳಗಿನ ಬಾಗನ್ನು ಹಿಡಿದಾಗಲೇ ಅಂಗೈಯ ಕಿರುಬೆರಳಿನ ಮಗ್ಗುಲಿಗೆ ಒತ್ತಡ ಅತ್ಯಧಿಕವೆಂದು 2011ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ. ಜೋಮು ಬಂದ ಮೇಲೆ ಕೈ ಬದಲಾಯಿಸುವುದಕ್ಕಿಂತ, ಬರುವ ಮೊದಲೇ ಐದು ಹತ್ತು ನಿಮಿಷಕ್ಕೊಮ್ಮೆ ಬದಲಾಯಿಸುವ ಅಭ್ಯಾಸ ಒಳ್ಳೆಯದು. ನೇರ ಕಂಬಿಯ ಸೈಕಲ್ಲಿನವರಿಗೆ ಈ ಅನುಕೂಲವಿಲ್ಲ. ಅವರು ಅಂಗೈಗೆ ಆನಿಕೆಯಾಗುವ ಅಗಲ ಹಿಡಿಗಳನ್ನೂ, ಕಂಬಿಯ ತುದಿಗೆ ಕೊಂಬುಗಳನ್ನೂ ಹಾಕಿಸಿಕೊಳ್ಳಬಹುದು. ಪುಟ್ಟ ಕೈಯವರು ಬ್ರೇಕಿನ ಸನ್ನೆಯನ್ನು ಹತ್ತಿರಕ್ಕೆ ತರುವ ಸಣ್ಣ ತಿರುಪನ್ನು ಮೆಕ್ಯಾನಿಕನಿಂದ ಹೊಂದಿಸಿಕೊಳ್ಳಲಿ.

ಟೈರಿನ ವಿಷಯ ಎರಡೇ ಮಾತು. 23 ಮಿಲಿಮೀಟರಿನ ಕಡ್ಡಿಯಂತಹ ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸುವ ಕಾಲ ಹೋಯಿತು. ಫ್ರೇಮಿನಲ್ಲಿ ಎಡೆಯಿದ್ದರೆ 28 ಅಥವಾ 32 ಮಿಲಿಮೀಟರಿನ ಟೈರು, ಅದಕ್ಕೆ ತಕ್ಕ ಮೆತ್ತನೆಯ ಗಾಳಿ, ಇವು ಕೈಗೆ ತಲುಪುವ ನಡುಕವನ್ನು ಗಣನೀಯವಾಗಿ ತಗ್ಗಿಸುತ್ತವೆ.

ಕೈಗವಸುಗಳನ್ನು ಕಡೆಗೆ ಉಳಿಸಿದ್ದಕ್ಕೆ ಕಾರಣವಿದೆ. ಅಂಗಡಿಯವನು ಮೊದಲು ತೋರಿಸುವುದು ಅವನ್ನೇ. ಸೀಟನ್ನು ಅರ್ಧ ಅಂಗುಲ ಹಿಂದಕ್ಕೆ ಸರಿಸಿಕೊಟ್ಟರೆ ಅವನಿಗೆ ಬರುವ ಲಾಭವಾದರೂ ಏನು? ಅವುಗಳಿಂದ ಪ್ರಯೋಜನವಿಲ್ಲವೆಂದಲ್ಲ. ಮೇಲೆ ಹೇಳಿದ 2011ರ ಅಳತೆಗಳಲ್ಲಿಯೇ ಮೆತ್ತೆಯ ಕೈಗವಸು ಆ ಮಗ್ಗುಲಿನ ಒತ್ತಡವನ್ನು ನೂರಕ್ಕೆ 10ರಿಂದ 28ರವರೆಗೆ ತಗ್ಗಿಸಿತು. ದಪ್ಪ ಮೆತ್ತೆಯೇ ಮೇಲೆಂಬ ನಂಬಿಕೆ ಮಾತ್ರ ಅಲ್ಲಿ ನಿಲ್ಲಲಿಲ್ಲ. ತೆಳುವಾದ ಫೋಮಿನದೇ ಒಂದು ಕೈ ಮೇಲಾಯಿತು. ಆದರೆ ಉಳಿದ ಮುಕ್ಕಾಲು ಪಾಲು ಒತ್ತಡವನ್ನು ಯಾವ ಕೈಗವಸೂ ತೆಗೆಯಲಾರದು.

ಜೋಮು ಕಿರುಬೆರಳಿಗೆ ಬದಲು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಬಂದರೆ ಅದುಮಿಸಿಕೊಂಡಿರುವುದು ಅಂಗೈಯ ನಡುವಣ ಮೀಡಿಯನ್ ನರ. ಮಣಿಕಟ್ಟು ಹಿಂದಕ್ಕೆ ಬಾಗಿರುವುದು ಇದಕ್ಕೆ ಮುಖ್ಯ ಕಾರಣ, ಪರಿಹಾರಗಳು ಅವೇ.

ಬಲ ಕುಂದಿದೆಯೇ ಎಂದು ಮನೆಯಲ್ಲಿಯೇ ನೋಡಿಕೊಳ್ಳುವ ಉಪಾಯವೊಂದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ವರ್ಣಿಸಿದ ಫ್ರೋಮೆಂಟ್ ಕೂಡ ದೆಸ್ತೋನಂತೆ ಲಿಯೋನಿನವನೇ ಎಂಬುದು ಕಾಕತಾಳೀಯ. ಬೇಕಾದುದು ಪತ್ರಿಕೆಯ ಒಂದು ಹಾಳೆ, ಇದೇ ಆದೀತು. ಅದನ್ನು ಎರಡು ಕೈಗಳ ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಬಿಗಿಯಾಗಿ ಹಿಡಿದು, ಹರಿಯುವವರಂತೆ ಎರಡು ಕಡೆಗೂ ಎಳೆಯಬೇಕು. ಆರೋಗ್ಯದ ಹೆಬ್ಬೆರಳು ನೇರವಾಗಿಯೇ ನಿಂತು ಹಿಡಿಯುತ್ತದೆ. ಅಲ್ನಾರ್ ನರ ಸೊರಗಿದ್ದರೆ ಹಿಡಿಯುವ ಸ್ನಾಯುವಿಗೆ ತ್ರಾಣವಿರದು. ಅದರ ಕೆಲಸವನ್ನು ಬೇರೆ ನರದ ಆಳಾದ ಮತ್ತೊಂದು ಸ್ನಾಯು ವಹಿಸಿಕೊಂಡು ಹೆಬ್ಬೆರಳಿನ ತುದಿಯ ಗೆಣ್ಣು ಮಡಿಚಿಕೊಳ್ಳುತ್ತದೆ. ದೂರದ ಸವಾರಿ ಮುಗಿಸಿ ಬಂದ ರಾತ್ರಿ, ಜೋಮು ಇರಲಿ ಬಿಡಲಿ, ಒಮ್ಮೆ ಹೀಗೆ ಮಾಡಿ ನೋಡುವುದು ಲೇಸು. ಎರಡು ಕೈಗಳಿಗೂ ವ್ಯತ್ಯಾಸ ಕಂಡರೆ, ಅಥವಾ ಜೋಮು ನಾಲ್ಕೈದು ದಿನ ಕಳೆದರೂ ಬಿಡದಿದ್ದರೆ, ವೈದ್ಯರಲ್ಲಿಗೆ ಹೋಗಬೇಕು. ನರದಲ್ಲಿ ವಿದ್ಯುತ್ ಸಂದೇಶ ಹರಿಯುವ ವೇಗವನ್ನು ಅಳೆದು, ಅಡಚಣೆ ಎಲ್ಲಿದೆಯೆಂದು ಅವರು ಕಂಡುಹಿಡಿಯಬಲ್ಲರು. ಎಲ್ಲ ತಪ್ಪನ್ನೂ ಸೈಕಲ್ಲಿನ ಮೇಲೆ ಹೊರಿಸುವುದೂ ಸಲ್ಲ. ಕುತ್ತಿಗೆಯ ಎಲುಬು, ಮೊಣಕೈಯ ಒತ್ತಡ, ಸಕ್ಕರೆ ಕಾಯಿಲೆ, ಇವೂ ಇದೇ ಬೆರಳುಗಳನ್ನು ಹಿಡಿಯುತ್ತವೆ. ಕುಷ್ಠರೋಗ ಆಗಾಗ ಮೊದಲು ಹಿಡಿಯುವುದು ಮೊಣಕೈಯ ಬಳಿಯ ಈ ನರವನ್ನೇ. ಬೇಗ ತಿಳಿದರೆ ಸರಕಾರಿ ಆಸ್ಪತ್ರೆಯಲ್ಲಿ ಧರ್ಮಾರ್ಥವಾಗಿ ದೊರೆಯುವ ಔಷಧಿಯಿಂದ ಪೂರ್ತಿ ವಾಸಿಯಾಗುತ್ತದೆ.

ಸೈಕಲ್ಲಿನಿಂದಲೇ ಆದದ್ದಾದರೆ ಹೆದರಬೇಕಾದ್ದಿಲ್ಲ. ಒತ್ತಡ ನಿಂತರೆ ನರ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಕೆಲವರಿಗೆ ಕೆಲವು ದಿನ ಸಾಕು, ಬಲ ಕುಂದಿದವರಿಗೆ ವಾರಗಳೂ ಒಮ್ಮೊಮ್ಮೆ ತಿಂಗಳುಗಳೂ ಹಿಡಿಯುತ್ತವೆ. ಕಾಗದ ಹಿಡಿದ ಹೆಬ್ಬೆರಳು ನೆಟ್ಟಗಾಗುವ ತನಕ ಸೈಕಲ್ಲು ಗೋಡೆಗೆ ಒರಗಿರಲಿ. ಸೀಟಿನ ಮಟ್ಟ ನೋಡಲು ಆಗ ಬೇಕಾದಷ್ಟು ಬಿಡುವಿರುತ್ತದೆ.